ಬ್ರ್ಯೂನೆತಿಯೇರ್: ನಿಯಮನಿಷ್ಠ ವಿಮರ್ಶಕನ ಬದುಕು

ಕೃತಿಯೊಂದು ತನಗೆ ನೀಡಿದ ಸಂತೋಷವನ್ನು ನಿರೂಪಿಸಿದ ಮಾತ್ರಕ್ಕೆ ವಿಮರ್ಶಕನ ಕರ್ತವ್ಯ ಮುಗಿಯುವುದೆ? ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಪ್ರಶ್ನೆ ಫ್ರಾನ್ಸಿನಲ್ಲಿ ದೊಡ್ಡ ವಾಗ್ವಾದಕ್ಕೆ ಎಡೆಮಾಡಿತು. ವಿಮರ್ಶೆ ಎಂದಿದ್ದರೂ ವೈಯಕ್ತಿಕವೇ ಎಂದು ಅನತೋಲ್ ಫ್ರಾನ್ಸ್ ಮತ್ತು ಜೂಲ್ ಲೆಮೇತ್ರ್ ವಾದಿಸಿದರು. ಅಭಿರುಚಿಯನ್ನು ಮೀರಿದ ನಿಯಮ ಬೇಕೆಂದು ಪಟ್ಟುಹಿಡಿದವನು ಫರ್ದಿನಾಂ ಬ್ರ್ಯೂನೆತಿಯೇರ್ (1849–1906). ಆತನ ಸಾಹಿತ್ಯ ವಿಚಾರಕ್ಕೂ ರಾಜಕೀಯ ನಿಲುವಿಗೂ ಈ ಶ್ರದ್ಧೆಯೇ ಬುನಾದಿ ಎಂಬುದು ನಮ್ಮ ಅಭಿಪ್ರಾಯ.

ತೂಲೋನಿನಲ್ಲಿ ಜನಿಸಿದ ಈತ ಪ್ಯಾರಿಸಿನ ಎಕೋಲ್ ನಾರ್ಮಾಲ್ ಸುಪೀರಿಯರ್ ಎಂಬ ಉನ್ನತ ವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಸೋತನು. 1875ರಿಂದ 'ರೆವ್ಯೂ ದೆ ದ್ಯೂ ಮೋಂದ್' ಪತ್ರಿಕೆಗೆ ಬರೆಯತೊಡಗಿ ಹೆಸರು ಗಳಿಸಿದನು. ಪ್ರವೇಶ ನಿರಾಕರಿಸಿದ್ದ ವಿದ್ಯಾಲಯವೇ 1886ರಲ್ಲಿ ಆತನನ್ನು ಅಧ್ಯಾಪಕನನ್ನಾಗಿ ಬರಮಾಡಿಕೊಂಡಿತು. 1893ರಲ್ಲಿ ಫ್ರೆಂಚ್ ಅಕಾಡೆಮಿಯ ಸದಸ್ಯತ್ವವೂ ಆ ಪತ್ರಿಕೆಯ ಸಂಪಾದಕತ್ವವೂ ದೊರೆತವು.

ಬ್ರ್ಯೂನೆತಿಯೇರನಿಗೆ ಹದಿನೇಳನೆಯ ಶತಮಾನವೇ ಆದರ್ಶ. ಧರ್ಮೋಪದೇಶಕ ಬೋಸ್ಯುಯೆಯ ಗದ್ಯವೇ ಮೇಲ್ಪಂಕ್ತಿ. 1883ರಲ್ಲಿ ಜೋಲಾನ ನಿಸರ್ಗವಾದಿ ಕಾದಂಬರಿಗಳನ್ನು ಖಂಡಿಸಿದನು. 1890ರಲ್ಲಿ ಡಾರ್ವಿನ್ನನ ವಿಕಾಸವಾದವನ್ನು ಸಾಹಿತ್ಯಕ್ಕೆ ಅನ್ವಯಿಸಿ, ಪ್ರಕಾರಗಳು ಜೀವಿಗಳಂತೆ ಹುಟ್ಟಿ, ಬೆಳೆದು, ಕ್ಷೀಣಿಸಿ, ರೂಪಾಂತರ ಹೊಂದುತ್ತವೆ ಎಂದನು. ಹದಿನೇಳನೆಯ ಶತಮಾನದ ಧರ್ಮೋಪದೇಶವೇ ರಮ್ಯಪಂಥದ ಭಾವಗೀತೆಯಾಗಿ ಮಾರ್ಪಟ್ಟಿತೆಂಬುದು ಆತನ ಪ್ರಸಿದ್ಧ ನಿದರ್ಶನ. ಕಾವ್ಯಪ್ರಕಾರವು ಜೀವಿಯಲ್ಲ, ಅದನ್ನು ಉಳಿಸುವವರೂ ಬಿಡುವವರೂ ಕವಿಗಳು ಮತ್ತು ಓದುಗರು. ಆದ್ದರಿಂದ ಈ ಹೋಲಿಕೆ ಪೂರ್ತಿ ನಿಲ್ಲದು. ಆದರೂ ಒಂದು ಪ್ರಕಾರ ಮತ್ತೊಂದಕ್ಕೆ ಏನನ್ನು ಬಿಟ್ಟುಹೋಗುತ್ತದೆ ಎಂಬ ಪ್ರಶ್ನೆ ಸಾಹಿತ್ಯಚರಿತ್ರೆಕಾರರಿಗೆ ಇಂದಿಗೂ ಉಪಯುಕ್ತ.

ನಿಯಮವೇ ಆತನ ಕಣ್ಣಿಗೆ ಮರೆಯಾದುದೂ ಉಂಟು. 1892ರಲ್ಲಿ ಬೋದಿಲೇರನ ಸ್ಮಾರಕವನ್ನು ವಿರೋಧಿಸಿದನು. ಮಧ್ಯಯುಗದ ಫ್ರೆಂಚ್ ಸಾಹಿತ್ಯವನ್ನೂ ಕೀಳಾಗಿ ಎಣಿಸಿದನು. ಒಂದು ಯುಗದ ಅಳತೆಗೋಲಿನಿಂದ ಇನ್ನೊಂದು ಯುಗವನ್ನು ಅಳೆಯುವ ಈ ಕ್ರಮವನ್ನು ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಾವು ಒಪ್ಪಲಾರೆವು.

1894ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರನ್ನು ಭೇಟಿಯಾದ ಬಳಿಕ, ವಿಜ್ಞಾನವು ತಾನಿತ್ತ ಭರವಸೆಗಳನ್ನು ಈಡೇರಿಸಿಲ್ಲವೆಂದು ಬರೆದು ವಿವಾದಕ್ಕೊಳಗಾದನು. ಕ್ರಮೇಣ ಕ್ಯಾಥೊಲಿಕ್ ಶ್ರದ್ಧೆಗೆ ಮರಳಿದನು. ನಿಜವಾದ ಪರೀಕ್ಷೆ ಎದುರಾದದ್ದು ದ್ರೇಫ್ಯೂಸ್ ಪ್ರಕರಣದಲ್ಲಿ. ಯೆಹೂದಿ ಸೇನಾಧಿಕಾರಿ ದ್ರೇಫ್ಯೂಸನು ದೇಶದ್ರೋಹದ ಸುಳ್ಳು ಆರೋಪಕ್ಕೆ ಬಲಿಯಾಗಿ ಶಿಕ್ಷೆ ಅನುಭವಿಸುತ್ತಿದ್ದನು. ಬ್ರ್ಯೂನೆತಿಯೇರನು ಯೆಹೂದಿದ್ವೇಷಿಯಾಗಿರಲಿಲ್ಲ, ದ್ರ್ಯುಮೋನನ ಯೆಹೂದಿವಿರೋಧಿ ಗ್ರಂಥವನ್ನು 1886ರಲ್ಲಿಯೇ ಖಂಡಿಸಿದ್ದನು. ಆದರೂ 1898ರಲ್ಲಿ ಸೇನೆಯ ಗೌರವವನ್ನು ಎತ್ತಿಹಿಡಿದು, ಅದರ ತೀರ್ಪನ್ನು ಪ್ರಶ್ನಿಸಿದ ವಿದ್ವಾಂಸರಲ್ಲಿ ವ್ಯಕ್ತಿವಾದದ ದುರಹಂಕಾರವನ್ನು ಕಂಡನು. ವ್ಯಕ್ತಿಯ ಘನತೆಯನ್ನು ಕಾಯುವುದೇ ಆಧುನಿಕ ಸಮಾಜವನ್ನು ಒಗ್ಗೂಡಿಸುವ ಶ್ರದ್ಧೆಯೆಂದು ಸಮಾಜಶಾಸ್ತ್ರಜ್ಞ ದುರ್ಖೈಮ್ ಅದೇ ವರ್ಷ ಉತ್ತರಿಸಿದನು.

1906ರ ಜುಲೈಯಲ್ಲಿ ನ್ಯಾಯಾಲಯವು ದ್ರೇಫ್ಯೂಸನನ್ನು ನಿರ್ದೋಷಿಯೆಂದು ಸಾರಿತು. ಡಿಸೆಂಬರಿನಲ್ಲಿ ಬ್ರ್ಯೂನೆತಿಯೇರ್ ತೀರಿಕೊಂಡನು. ವಿಮರ್ಶಕನಿಗೆ ನಿಯಮ ಬೇಕೆಂಬ ಆತನ ಮಾತು ಇಂದಿಗೂ ಮಾನ್ಯ. ಆದರೆ ಎದುರಿಗಿರುವ ಕೃತಿಯನ್ನಾಗಲಿ ಮನುಷ್ಯನನ್ನಾಗಲಿ ನೋಡಗೊಡದ ನಿಯಮವನ್ನು ಮರುಪರಿಶೀಲಿಸುವುದೂ ವಿಮರ್ಶಕನ ಹೊಣೆಯೇ ಆಗಿದೆ.