ಕನ್ನಡ ಬ್ರೈಲ್ ಲಿಪಿಯೂ ಅಂಧವಾಚಕರ ಗ್ರಂಥಪ್ರವೇಶವೂ

ಗ್ರಂಥಭಂಡಾರವು ಸರ್ವರಿಗೂ ತೆರೆದಿದೆಯೆಂದು ಹೇಳುವುದು ವಾಡಿಕೆ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಪ್ರವೇಶವು ಸಿದ್ಧಿಸುವುದಿಲ್ಲ. ನಡೆಯಲಾರದವರಿಗೆ ಮೆಟ್ಟಿಲು ಹೇಗೆ ಅಡ್ಡಿಯೋ ಕಾಣಲಾರದವರಿಗೆ ಅಚ್ಚಿನ ಅಕ್ಷರವು ಹಾಗೆಯೇ ಅಡ್ಡಿ. ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರಿನ ದಾರಿಯನ್ನು ಕಟ್ಟಬೇಕೆಂಬುದು ಈಗ ಬಹುಮಟ್ಟಿಗೆ ವಿದಿತವಾಗಿದೆ. ಅಕ್ಷರದ ಪಕ್ಕದಲ್ಲಿ ಏನನ್ನು ಕಟ್ಟಬೇಕೆಂಬುದು ಸಾಹಿತ್ಯವನ್ನು ಬೋಧಿಸುವವರಲ್ಲಿಯೂ ಅಷ್ಟಾಗಿ ವಿಚಾರಿತವಾಗಿಲ್ಲ. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ದೃಷ್ಟಿವೈಕಲ್ಯವುಳ್ಳವರು ಸುಮಾರು ೨ ಲಕ್ಷ ೬೪ ಸಾವಿರ ಮಂದಿ. ಕನ್ನಡ ಗ್ರಂಥಗಳು ಇವರಿಗೆ ಯಾವ ಮಾರ್ಗದಿಂದ ಒದಗುತ್ತವೆ, ಆ ಮಾರ್ಗವು ಹೇಗೆ ಸಿದ್ಧವಾಯಿತು, ಅದರಲ್ಲಿ ಇನ್ನೂ ಎಲ್ಲಿ ತಡೆಯುಂಟು ಎಂಬುದು ಈ ಲೇಖನದ ವಿಷಯ.

ಅಂಧರು ಕನ್ನಡ ನಾಡಿನ ವಿದ್ಯೆಗೆ ಹೊರಗಿನವರಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ (೧೮೯೨–೧೯೪೪) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ದೃಷ್ಟಿಯಿಲ್ಲದವರಾಗಿದ್ದೇ ಸಂಗೀತವಿದ್ಯೆಯಲ್ಲಿ ಆಚಾರ್ಯಪದವಿಯನ್ನು ಪಡೆದರು. ಎರಡನೆಯವರು ಗ್ರಂಥಕರ್ತರೂ ಆಗಿದ್ದರು. ಶ್ರುತಪರಂಪರೆಯ ನಮ್ಮ ನಾಡಿನಲ್ಲಿ ಕೇಳಿ ಕಲಿಯುವುದು ಹೀನವೆಂದು ಯಾರೂ ಎಣಿಸಲಾರರು. ಆದರೂ ಕೇಳ್ಮೆಗೂ ಓದಿಗೂ ಭೇದವುಂಟು. ಕೇಳುವವನು ಓದಿ ಹೇಳುವವನ ಬಿಡುವನ್ನೂ ಓಟವನ್ನೂ ಅನುಸರಿಸಬೇಕು. ಓದುವವನು ತನಗೆ ಬೇಕಾದೆಡೆಯಲ್ಲಿ ನಿಲ್ಲಬಹುದು, ಹಿಂದಿರುಗಬಹುದು, ಪದವನ್ನು ಬಿಡಿಸಿ ನೋಡಬಹುದು. ಅದಲ್ಲದೆ ಶಕಾರ ಷಕಾರಗಳ, ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸವು ಈಗಿನ ರೂಢಿಯ ಉಚ್ಚಾರದಲ್ಲಿ ಅನೇಕ ವೇಳೆ ಕಿವಿಗೆ ಬೀಳುವುದಿಲ್ಲ. ಕಿವಿಯೊಂದನ್ನೇ ನಂಬಿದ ವಿದ್ಯಾರ್ಥಿಯು ಕಾವ್ಯವನ್ನು ಚೆನ್ನಾಗಿ ಬಲ್ಲವನಾದರೂ ಅಕ್ಷರಸ್ಖಾಲಿತ್ಯಕ್ಕೆ ಗುರಿಯಾಗಬಹುದು. ಬೆರಳಿನ ಓದು ಈ ಕೊರತೆಯನ್ನು ತುಂಬುತ್ತದೆ.

ಫ್ರಾನ್ಸಿನ ಲೂಯಿ ಬ್ರೈಲ್ (೧೮೦೯–೧೮೫೨) ಎಂಬ ಅಂಧನು ತನ್ನ ಚುಕ್ಕಿಲಿಪಿಯನ್ನು ೧೮೨೯ರಲ್ಲಿ ಪ್ರಕಟಿಸಿದನು. ನಿಲುವಾಗಿ ಮೂರು, ಅಡ್ಡಲಾಗಿ ಎರಡು, ಹೀಗೆ ಆರು ಚುಕ್ಕಿಗಳ ಒಂದು ಮನೆ. ಎಡಸಾಲಿನವು ೧, ೨, ೩, ಬಲಸಾಲಿನವು ೪, ೫, ೬ ಎಂದು ಎಣಿಕೆ. ಇವುಗಳಲ್ಲಿ ಕೆಲವು ಉಬ್ಬಿ ಕೆಲವು ಉಬ್ಬದೆ ಇರುವುದರಿಂದ ೬೩ ಸಂಕೇತಗಳು ಹುಟ್ಟುತ್ತವೆ. ಭಾರತದಲ್ಲಿ ಅಂಧರ ಮೊದಲನೆಯ ಶಾಲೆಯು ೧೮೮೭ರಲ್ಲಿ ಅಮೃತಸರದಲ್ಲಿ ಸ್ಥಾಪಿತವಾಯಿತು. ಮೈಸೂರಿನಲ್ಲಿ ಕಿವುಡರಿಗೂ ಅಂಧರಿಗೂ ೧೯೦೧ರಲ್ಲಿ ಶಾಲೆಯು ಆರಂಭವಾಯಿತು. ಆದರೆ ದೇಶದ ಬೇರೆ ಬೇರೆ ಕಡೆಗಳಲ್ಲಿ ಉಪಾಧ್ಯಾಯರು ತಮತಮಗೆ ತೋರಿದಂತೆ ಸಂಕೇತಗಳನ್ನು ಕಲ್ಪಿಸಿಕೊಂಡುದರಿಂದ ಒಂದು ಶಾಲೆಯ ಪುಸ್ತಕವು ಇನ್ನೊಂದು ಶಾಲೆಯವರಿಗೆ ಓದಬಾರದ್ದಾಗಿತ್ತು. ಮೊದಲೇ ವಿರಳವಾದ ಪುಸ್ತಕಗಳು ಇದರಿಂದ ಮತ್ತಷ್ಟು ವಿರಳವಾದುವು.

ಭಾರತ ಸರ್ಕಾರವು ೧೯೪೯ರಲ್ಲಿ ಯುನೆಸ್ಕೋ ಸಂಸ್ಥೆಯ ನೆರವನ್ನು ಕೋರಿತು. ೧೯೫೦ರಲ್ಲಿ ಪ್ಯಾರಿಸಿನಲ್ಲಿಯೂ ೧೯೫೧ರಲ್ಲಿ ಬೇರೂತಿನಲ್ಲಿಯೂ ಸೇರಿದ ಸಭೆಗಳ ತರುವಾಯ ಭಾರತೀ ಬ್ರೈಲ್ ಎಂಬ ಏಕರೂಪದ ಪದ್ಧತಿಯು ನೆಲೆಗೊಂಡಿತು. ಸ್ವತಃ ಅಂಧರಾಗಿದ್ದು ೧೯೪೭ರಲ್ಲಿ ಕೇಂದ್ರದ ಶಿಕ್ಷಣ ಇಲಾಖೆಯನ್ನು ಸೇರಿದ ಲಾಲ್ ಅಡ್ವಾನಿಯವರು ಈ ಕಾರ್ಯಕ್ಕಾಗಿ ಶ್ರಮಿಸಿದವರಲ್ಲಿ ಮುಖ್ಯರು. ಉಪಯೋಗಿಸತಕ್ಕವರೇ ನಿರ್ಣಯದಲ್ಲಿ ಭಾಗಿಗಳಾದುದು ಇಲ್ಲಿ ಗಮನಾರ್ಹ.

ಈ ಪದ್ಧತಿಯು ಕನ್ನಡದ ಅಕ್ಷರವನ್ನು ನಡೆಸಿಕೊಳ್ಳುವ ಕ್ರಮವು ಲಿಪಿಶಾಸ್ತ್ರದ ದೃಷ್ಟಿಯಿಂದಲೂ ಸ್ವಾರಸ್ಯವಾದುದು. ಕನ್ನಡದ ಬರವಣಿಗೆಯಲ್ಲಿ ಗುಣಿತದ ಚಿಹ್ನೆಯು ಮೇಲೂ ಪಕ್ಕದಲ್ಲಿಯೂ, ಒತ್ತಕ್ಷರವು ಕೆಳಗೂ ಕೂಡಿಕೊಂಡು ಅಕ್ಷರವು ಒಂದು ಗೊಂಚಲಾಗುತ್ತದೆ. ಕಣ್ಣು ಗೊಂಚಲನ್ನು ಒಮ್ಮೆಗೇ ಗ್ರಹಿಸಬಲ್ಲುದು. ಎಡದಿಂದ ಬಲಕ್ಕೆ ಒಂದೇ ಸಾಲಿನಲ್ಲಿ ಹರಿಯುವ ಬೆರಳಿಗೆ ಅದು ಅಶಕ್ಯ. ಆದುದರಿಂದ ಭಾರತೀ ಬ್ರೈಲ್ ಗೊಂಚಲನ್ನು ಬಿಡಿಸುತ್ತದೆ. ಕಕಾರಕ್ಕೆ ೧, ೩ ಚುಕ್ಕಿಗಳು. ಇದು ಇಂಗ್ಲಿಷಿನ ‘ಕೆ’ ಅಕ್ಷರದ ಸಂಕೇತವೇ ಆಗಿದೆ. ಅದರ ಮುಂದೆ ಆಕಾರದ ಮನೆಯನ್ನಿಟ್ಟರೆ ‘ಕಾ’ ಆಗುತ್ತದೆ. ಪದದ ಮೊದಲಲ್ಲಿ ಬರುವ ಸ್ವರಕ್ಕೂ ವ್ಯಂಜನದ ಮೇಲೆ ಬರುವ ಸ್ವರಕ್ಕೂ ಒಂದೇ ಸಂಕೇತ. ವ್ಯಂಜನದಲ್ಲಿ ಸಹಜವಾಗಿರುವ ಅಕಾರವನ್ನು ಕಳೆಯಬೇಕಾದಲ್ಲಿ ನಾಲ್ಕನೆಯ ಚುಕ್ಕಿಯೊಂದೇ ಉಳ್ಳ ಹಲಂತ ಸಂಕೇತವು ಆ ವ್ಯಂಜನಕ್ಕೆ ಮೊದಲು ಬರುತ್ತದೆ. ಹೀಗೆ ‘ಕನ್ನಡ’ವೆಂಬ ಪದವು ಕ, ಹಲಂತ, ನ, ನ, ಡ ಎಂದು ಐದು ಮನೆಗಳಾಗುತ್ತದೆ. ಕ್ಷಕಾರ ಜ್ಞಕಾರಗಳಿಗೆ ಮಾತ್ರ ಒಂದೊಂದೇ ಮನೆ. ಸಂಸ್ಕೃತದಲ್ಲಿಲ್ಲದ ಹ್ರಸ್ವ ಎಕಾರ ಒಕಾರಗಳಿಗೂ ಪ್ರತ್ಯೇಕ ಸಂಕೇತಗಳಿರುವುದರಿಂದ ‘ಕೆರೆ’ಯೂ ‘ಕೇರಿ’ಯೂ ಬೆರಳಿಗೆ ಬೇರೆಯಾಗಿಯೇ ತೋರುತ್ತವೆ.

‘ಧರ್ಮ’ವೆಂಬ ಪದವನ್ನು ನೋಡಿದರೆ ಮತ್ತೊಂದು ವಿಶೇಷವು ಹೊಳೆಯುತ್ತದೆ. ಅಚ್ಚಿನಲ್ಲಿ ರೇಫವು ಅರ್ಕಾವೊತ್ತಾಗಿ ಮಕಾರದ ಬಲಕ್ಕೆ ಬರುತ್ತದೆ. ಉಚ್ಚಾರದಲ್ಲಾದರೋ ಅದು ಮಕಾರಕ್ಕೆ ಮೊದಲು. ಬ್ರೈಲಿನಲ್ಲಿ ಧ, ಹಲಂತ, ರ, ಮ ಎಂದು ಉಚ್ಚಾರದ ಕ್ರಮವೇ ಉಳಿಯುತ್ತದೆ. ಸ್ವರವನ್ನೂ ವ್ಯಂಜನವನ್ನೂ ಬೇರ್ಪಡಿಸಿ, ಅವುಗಳ ಕೂಡಿಕೆಯಿಂದ ಅಕ್ಷರವಾಯಿತೆಂದು ವಿವರಿಸುವ ವೈಯಾಕರಣರ ಮತಕ್ಕೆ ಈ ಲಿಪಿಯು ಅಚ್ಚಿನ ಲಿಪಿಗಿಂತಲೂ ಸಮೀಪವಾಗಿದೆ. ಆದುದರಿಂದ ಇದನ್ನು ಕನ್ನಡ ಲಿಪಿಯ ಊನವಾದ ಪ್ರತಿಯೆಂದು ತಿಳಿಯದೆ, ಕನ್ನಡವನ್ನು ಬರೆಯುವ ಇನ್ನೊಂದು ಪೂರ್ಣವಾದ ವಿಧಾನವೆಂದು ತಿಳಿಯುವುದು ಯುಕ್ತ.

ಲಿಪಿಯು ಸಿದ್ಧವಾದ ಮೇಲೂ ಗ್ರಂಥಗಳು ಸುಲಭವಾಗಲಿಲ್ಲ. ಬ್ರೈಲ್ ಪುಸ್ತಕವು ದಪ್ಪನೆಯ ಕಾಗದವನ್ನು ಬೇಡುತ್ತದೆ. ಅಚ್ಚಿನ ಒಂದು ಸಂಪುಟವು ಹಲವು ಸಂಪುಟಗಳಾಗಿ ಬೆಳೆಯುತ್ತದೆ. ಇದರೊಡನೆ ಕಾಯಿದೆಯ ತಡೆಯೂ ಇತ್ತು: ಗ್ರಂಥಸ್ವಾಮ್ಯವುಳ್ಳ ಪುಸ್ತಕವನ್ನು ಅಂಧರಿಗಾಗಿ ಮಾರ್ಪಡಿಸುವುದಕ್ಕೂ ಒಡೆಯರ ಅನುಮತಿಯು ಬೇಕಾಗಿತ್ತು. ಅಂಗವಿಕಲರ ಸಂಘಗಳು ಇದನ್ನು ದಯೆಯ ಪ್ರಶ್ನೆಯೆಂದೆಣಿಸದೆ ಓದುವ ಹಕ್ಕಿನ ಪ್ರಶ್ನೆಯೆಂದು ವಾದಿಸಿದುವು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಎಂಬ ಸಂಸ್ಥೆಯೂ ಈ ಪ್ರಯತ್ನದಲ್ಲಿ ಭಾಗಿಯಾಗಿತ್ತು. ಅದರ ಫಲವಾಗಿ ೨೦೧೨ರಲ್ಲಿ ಗ್ರಂಥಸ್ವಾಮ್ಯದ ಕಾಯಿದೆಯು ತಿದ್ದುಪಡಿಯಾಗಿ ಆ ತಡೆಯು ನಿವಾರಣೆಯಾಯಿತು. ೨೦೧೩ರಲ್ಲಿ ಮೊರೊಕ್ಕೊ ದೇಶದ ಮರಾಕೆಶ್ ನಗರದಲ್ಲಿ ಇದೇ ಉದ್ದೇಶದ ಅಂತರರಾಷ್ಟ್ರೀಯ ಒಪ್ಪಂದವಾಯಿತು. ೨೦೧೪ರಲ್ಲಿ ಅದನ್ನು ಮೊಟ್ಟಮೊದಲು ಸ್ಥಿರೀಕರಿಸಿದ ದೇಶ ಭಾರತ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಕಟ್ಟಡಗಳೂ ಸಾರಿಗೆಯೂ ಹೇಗೋ ಹಾಗೆಯೇ ಮಾಹಿತಿಯೂ ಸರ್ವರಿಗೆ ಸುಗಮವಾಗಿರಬೇಕೆಂದು ವಿಧಿಸಿದೆ.

ಲಿಪಿಯೂ ಕಾಯಿದೆಯೂ ಅನುಕೂಲವಾಗಿರುವಾಗ ಉಳಿದ ತಡೆಯೆಲ್ಲಿ? ಅದು ಬಹುಮಟ್ಟಿಗೆ ಗ್ರಂಥವನ್ನು ಸಿದ್ಧಪಡಿಸುವವರ ಮೇಜಿನ ಮೇಲೆಯೇ ಇದೆ. ಗಣಕಯಂತ್ರದಲ್ಲಿರುವ ಕನ್ನಡ ಪಾಠವನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳೂ, ತಾನಾಗಿ ಬ್ರೈಲಿಗೆ ತಿರುಗಿಸುವ ತಂತ್ರಾಂಶಗಳೂ ಈಗ ಉಂಟು. ಆದರೆ ಇವು ಯುನಿಕೋಡ್ ಕ್ರಮದಲ್ಲಿ ಬರೆದ ಪಾಠವನ್ನು ಅಪೇಕ್ಷಿಸುತ್ತವೆ. ಹಳೆಯ ಅಕ್ಷರಮಾದರಿಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ತೆರೆಯ ಮೇಲೆ ಕನ್ನಡವಾಗಿ ಕಾಣುವ ಪುಟವು ಯಂತ್ರದ ಪಾಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪುಟಗಳ ಛಾಯಾಚಿತ್ರಗಳನ್ನು ಮಾತ್ರ ಸೇರಿಸಿಟ್ಟ ಗ್ರಂಥವಾದರೆ, ಅದರಿಂದ ಅಕ್ಷರಗಳನ್ನು ಮೊದಲು ಬೇರ್ಪಡಿಸಿ ತೆಗೆಯದ ಹೊರತು, ಯಂತ್ರಕ್ಕೆ ಅದರಲ್ಲಿ ಅಕ್ಷರವೇ ಇಲ್ಲ. ಕಣ್ಣುಳ್ಳ ವಿದ್ವಾಂಸನಿಗೆ ಉಪಕಾರವೆನಿಸುವ ಸಂಗ್ರಹವು ಅಂಧನಾದ ವಿದ್ವಾಂಸನಿಗೆ ಬರಿಯ ಹಾಳೆಯಾಗುವುದು ಹೀಗೆ.

ಆದಕಾರಣ ಪ್ರತಿಯೊಂದು ಊರಿನ ವಿದ್ಯಾಸಂಸ್ಥೆಯೂ ಮಾಡಬಹುದಾದ ಕಾರ್ಯಗಳು ಸ್ಪಷ್ಟವಾಗಿವೆ. ಹೊಸ ಪ್ರಕಟಣೆಗಳ ಮೂಲಪಾಠವನ್ನು ಯುನಿಕೋಡಿನಲ್ಲಿ ರಕ್ಷಿಸಿಡತಕ್ಕದ್ದು. ಹಳೆಯ ಅಕ್ಷರಮಾದರಿಯ ಪಾಠಗಳನ್ನು ಪರಿವರ್ತಿಸಿ, ಒತ್ತಕ್ಷರಗಳೂ ಹಳಗನ್ನಡದ ಱ, ೞ ಅಕ್ಷರಗಳೂ ಕೆಡದಂತೆ ಬಲ್ಲವರಿಂದ ತಿದ್ದಿಸತಕ್ಕದ್ದು. ಪಾಠಾಂತರಗಳನ್ನೂ ಅಡಿಟಿಪ್ಪಣಿಗಳನ್ನೂ ಪುಟದ ವಿನ್ಯಾಸದಿಂದ ಮಾತ್ರ ಸೂಚಿಸದೆ, ಓದುವ ಕ್ರಮದಲ್ಲಿಯೇ ತಿಳಿಯುವಂತೆ ಸಂಖ್ಯೆಗಳಿಂದ ಜೋಡಿಸತಕ್ಕದ್ದು. ಚಿತ್ರಕ್ಕೂ ಶಾಸನದ ಪಡಿಯಚ್ಚಿಗೂ ಮಾತಿನ ವರ್ಣನೆಯನ್ನು ಸೇರಿಸತಕ್ಕದ್ದು. ಇವೆಲ್ಲಕ್ಕಿಂತ ಮೊದಲು, ಸಿದ್ಧವಾದ ಗ್ರಂಥವು ನಿಜವಾಗಿ ಓದಬರುತ್ತದೆಯೇ ಎಂಬುದನ್ನು ಊರಿನ ಅಂಧವಾಚಕರಿಂದಲೇ ಪರೀಕ್ಷಿಸಿಸಬೇಕು. ತಡೆಯು ಎಲ್ಲಿದೆಯೆಂಬುದನ್ನು ಅದನ್ನು ದಿನವೂ ಎಡವುವವರೇ ಬಲ್ಲರು. ಅಂಥ ವಾಚಕರಲ್ಲಿ ಸಾಹಿತ್ಯದ ವಿದ್ಯಾರ್ಥಿಗಳೂ ಅಧ್ಯಾಪಕರೂ ಉಂಟು. ಪಂಪನ ಒಂದು ಪದ್ಯದ ಪಾಠವನ್ನು ಇನ್ನೊಬ್ಬರ ಬಿಡುವನ್ನು ಕಾಯದೆ ತಾವೇ ಪರಿಶೀಲಿಸುವ ಸ್ವಾತಂತ್ರ್ಯವು ಇವರಿಗೆ ಲಭಿಸುವುದೋ ಇಲ್ಲವೋ ಎಂಬುದು ಮೇಲೆ ಹೇಳಿದ ಸಣ್ಣ ಕೆಲಸಗಳನ್ನು ಸಂಪಾದಕರೂ ಪ್ರಕಾಶಕರೂ ಕೈಕೊಳ್ಳುವುದನ್ನೇ ಅವಲಂಬಿಸಿದೆ.