ತನ್ನ ಬೆಳೆ, ತನ್ನ ಇಚ್ಛೆ

ತಾನು ದುಡಿದು ಪಡೆದುದನ್ನು ತನ್ನ ಇಚ್ಛೆಯಂತೆ ಮಾರುವ ಅಧಿಕಾರ ಮನುಷ್ಯನಿಗೆ ಉಂಟೆ? ಪ್ರಭುತ್ವವು ಅವನ ಕೈಯನ್ನು ತಡೆಯುವುದು ಎಂದಾದರೂ ನ್ಯಾಯವಾದೀತೆ? ಈ ಪ್ರಶ್ನೆಯನ್ನು ತತ್ತ್ವಜ್ಞರು ಗ್ರಂಥಗಳಲ್ಲಿ ಚರ್ಚಿಸಿರುವರು. ನಾವು ಈ ಹೊತ್ತು ಅದನ್ನು ಕಾಫಿಯ ಕಣದಲ್ಲಿ ನಿಂತು ವಿಚಾರಿಸೋಣ.

ಮೂಡಿಗೆರೆ ತಾಲ್ಲೂಕಿನ ಜಾವಳಿಯು ಹೇಮಾವತಿ ನದಿ ಹುಟ್ಟುವ ಸ್ಥಳ. ಅಲ್ಲಿನ ಬೆಟ್ಟಗಳ ಇಳಿಜಾರಿನಲ್ಲಿ, ಮರಗಳ ನೆರಳಿನಲ್ಲಿ, ಕಾಫಿ ಬೆಳೆಯುತ್ತದೆ. ಗಿಡ ನೆಟ್ಟ ಮೇಲೆ ಫಲಕ್ಕಾಗಿ ಮೂರು ನಾಲ್ಕು ವರ್ಷ ಕಾಯಬೇಕು. ಹೂಮಳೆ ತಪ್ಪಿದರೆ ಬೆಳೆಯೂ ತಪ್ಪಿತು. ಬೆಲೆಯಾದರೋ ಕಡಲಾಚೆಯ ಪೇಟೆಗಳಲ್ಲಿ ನಿಷ್ಕರ್ಷೆಯಾಗುವುದು. ಬೆಲೆ ಬಿದ್ದಾಗ ರಾಗಿ ಬೆಳೆದವನು ತನ್ನ ರಾಗಿಯನ್ನು ಉಂಡಾನು. ಕಾಫಿ ಬೆಳೆದವನು ಏನನ್ನು ಉಣ್ಣಬೇಕು?

೧೯೩೯ರಲ್ಲಿ ಮಹಾಯುದ್ಧವು ಆರಂಭವಾಗಿ ಯೂರೋಪಿನ ಪೇಟೆಗಳು ಒಂದೊಂದಾಗಿ ಮುಚ್ಚಿದುವು. ಅಂಥ ಕಾಲದಲ್ಲಿ ಸಾಲದ ಭಾರವಿದ್ದವನು ಸಿಕ್ಕಿದ ಬೆಲೆಗೆ ಮಾರುವನು. ಅವನನ್ನು ಕಂಡು ನೆರೆಯವನು ಇನ್ನೂ ಕಡಮೆಗೆ ಮಾರುವನು. ಒಬ್ಬೊಬ್ಬನೂ ಸ್ವತಂತ್ರನೇ, ಆದರೆ ಎಲ್ಲರೂ ಕೂಡಿ ನಿರ್ಗತಿಕರು. ಆಗ ಸರ್ಕಾರವು ೧೯೪೦ರಲ್ಲಿ ಒಂದು ಆಜ್ಞೆಯಿಂದಲೂ ೧೯೪೨ರಲ್ಲಿ ಕಾಫಿ ಶಾಸನದಿಂದಲೂ 'ಪೂಲ್' ಎಂಬ ವ್ಯವಸ್ಥೆಯನ್ನು ಏರ್ಪಡಿಸಿತು. ಮನೆಯ ಬಳಕೆಗೂ ಬಿತ್ತನೆಗೂ ಬೇಕಾದಷ್ಟನ್ನು ಉಳಿಸಿಕೊಂಡು, ಮಿಕ್ಕ ಬೆಳೆಯನ್ನೆಲ್ಲ ಬೆಳೆಗಾರನು ಪೂಲಿಗೆ ಒಪ್ಪಿಸಬೇಕು. ಕಾಫಿ ಮಂಡಳಿಯು ಅದನ್ನು ಮಾರಿ, ಬಂದ ಹಣವನ್ನು ಕಂತುಕಂತಾಗಿ ಹಂಚಬೇಕು.

ಇದು ಸ್ವಾತಂತ್ರ್ಯಹರಣವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅದರಲ್ಲಿ ಒಂದು ಧರ್ಮವಿತ್ತು. ನೂರಾರು ಎಕರೆಯ ಧಣಿಗೂ ಎರಡೆಕರೆಯ ರೈತನಿಗೂ ಕಟ್ಟು ಒಂದೇ. ನೆರೆಯವನ ಅವಸರದಿಂದ ತನಗೆ ನಷ್ಟವಾಗುವ ಭಯ ಯಾರಿಗೂ ಇರಲಿಲ್ಲ.

ಆದರೆ ಆಳುವವರೂ ಮನುಷ್ಯರೇ ಅಲ್ಲವೆ? ಆಪತ್ತಿನಲ್ಲಿ ಕೈಗೆ ಬಂದ ಅಧಿಕಾರವನ್ನು ಆಪತ್ತು ಕಳೆದ ಮೇಲೆ ಹಿಂದಿರುಗಿಸುವುದು ಮನುಷ್ಯನಿಗೆ ಸುಲಭವಲ್ಲ. ಯುದ್ಧವು ೧೯೪೫ರಲ್ಲಿ ಮುಗಿಯಿತು. ಪೂಲು ಮಾತ್ರ ಅರ್ಧ ಶತಮಾನ ಬಾಳಿತು. ಬೆಳೆ ಒಪ್ಪಿಸುವುದು ಒಂದು ವರ್ಷ, ಕಡೆಯ ಕಂತು ಕೈಸೇರುವುದು ಮತ್ತೊಂದು ವರ್ಷ. ಆಶ್ರಯವಾಗಿದ್ದ ಗೋಡೆಯೇ ಬೆಳೆಗಾರನ ಕಣ್ಣಿಗೆ ಸೆರೆಯ ಗೋಡೆಯಾಗಿ ತೋರಿತು. ೧೯೯೨ರಿಂದ ಹಂತಹಂತವಾಗಿ ಕಟ್ಟು ಸಡಿಲವಾಗಿ, ೧೯೯೬ರಲ್ಲಿ ಎಲ್ಲ ಬೆಳೆಗಾರರೂ ತಮ್ಮ ಬೆಳೆಯನ್ನೆಲ್ಲ ತಾವೇ ಮಾರುವಂತಾಯಿತು. ಕೆಲವು ವರ್ಷ ಸುಭಿಕ್ಷ. ಬಳಿಕ ೨೦೦೧ರ ಸುಮಾರಿಗೆ ಲೋಕದ ಬೆಲೆ ಕುಸಿಯಿತು. ಬಿಡುಗಡೆ ಬೇಡಿದವರೇ ಸಾಲದ ಪರಿಹಾರಕ್ಕಾಗಿ ಮತ್ತೆ ಸರ್ಕಾರದ ಬಾಗಿಲಿಗೆ ಹೋದರು.

ಇದನ್ನು ಕಂಡು ಮನುಷ್ಯಸ್ವಭಾವವನ್ನು ಹಳಿಯಬೇಕಾಗಿಲ್ಲ. ಭಯದಲ್ಲಿ ಆಶ್ರಯವನ್ನೂ ಸಮೃದ್ಧಿಯಲ್ಲಿ ಬಯಲನ್ನೂ ಬಯಸುವುದು ನಮ್ಮೆಲ್ಲರ ಗುಣ. ಆದುದರಿಂದ ಕಟ್ಟು ಬೇಕೆ ಬೇಡವೆ ಎಂದು ಕೇಳುವುದರಿಂದ ಫಲವಿಲ್ಲ. ಕೇಳಬೇಕಾದುವು ಮೂರು: ಕಟ್ಟಿಗೆ ಕಾರಣವಾದ ಆಪತ್ತು ಇನ್ನೂ ಉಂಟೆ? ಅದು ಎಲ್ಲರಿಗೂ ಸಮವೆ? ಕಟ್ಟಿಗೆ ಒಳಗಾದವನು ಲೆಕ್ಕ ಕೇಳಬಹುದೆ?

ಈ ಮೂರು ಪ್ರಶ್ನೆಗಳು ಸರ್ಕಾರಕ್ಕೆ ಮಾತ್ರ ಮೀಸಲಲ್ಲ. ತೋಟದೊಳಗೆ ಬೆಳೆಗಾರನೂ ಒಬ್ಬ ಪ್ರಭುವೇ. ಅವನ ಲೈನಿನ ಮನೆಯಲ್ಲಿರುವ ಕೂಲಿಯಾಳು ಮುಂಗಡದ ಹಣಕ್ಕೆ ಕಟ್ಟುಬಿದ್ದಿದ್ದರೆ, ಅವನಿಗೂ ಲೆಕ್ಕ ಕೇಳುವ ಅಧಿಕಾರವಿರಬೇಡವೆ? ಪ್ಲಾಂಟೇಷನ್ ಕಾರ್ಮಿಕರ ಶಾಸನವು ೧೯೫೧ರಲ್ಲಿಯೂ ಜೀತಪದ್ಧತಿಯನ್ನು ರದ್ದುಗೊಳಿಸಿದ ಶಾಸನವು ೧೯೭೬ರಲ್ಲಿಯೂ ಬಂದುವು. ಶಾಸನವು ತೋಟದ ಬೇಲಿಯವರೆಗೆ ಬಂದೀತು, ಒಳಗೆ ಕರೆದುಕೊಳ್ಳಬೇಕಾದುದು ಒಡೆಯನ ಮನಸ್ಸು. ತನ್ನ ಬೆಳೆಗೆ ಬಿಡುಗಡೆ ಬೇಡಿದವನು ಹಣ್ಣು ಕೊಯ್ಯುವ ಕೈಗೂ ಅದನ್ನು ಬಯಸಿದಾಗಲೇ ಆ ಬೇಡಿಕೆಯು ಸ್ವಾರ್ಥವನ್ನು ದಾಟಿ ನೀತಿಯೆನಿಸುವುದು.