ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ಆದರೆ ಸರಿಯಾದ ಗುರುತಿನ ಚೀಟಿ ಬೇಕೇ ಬೇಕು



ನಮ್ಮ ಒಂದು ಸಂಘದ ಹತ್ತು ಮಂದಿ ಸದಸ್ಯೆಯರು ವರ್ಷವಿಡೀ ಹಣ ಕೂಡಿಟ್ಟು ಪಶುಪತಿನಾಥ ಯಾತ್ರೆಗೆ ಹೊರಟಿದ್ದರು. ದೆಹಲಿಯ ವಿಮಾನ ನಿಲ್ದಾಣದಲ್ಲಿ ಇಬ್ಬರನ್ನು ತಡೆದರು. ಅವರ ಕೈಯಲ್ಲಿ ಆಧಾರ್ ಕಾರ್ಡ್ ಮಾತ್ರ ಇತ್ತು. “ಸಿಸ್ಟರ್, ಆಧಾರ್ ಸಾಕು ಅಂತ ಯಾತ್ರೆಯವರೇ ಹೇಳಿದ್ರು” ಎಂದು ಫೋನಿನಲ್ಲಿ ಅತ್ತರು. ಟಿಕೆಟಿನ ಹಣವೂ ಹೋಯಿತು, ಯಾತ್ರೆಯೂ ತಪ್ಪಿತು. ಇನ್ನೊಬ್ಬರಿಗೆ ಹೀಗಾಗಬಾರದು ಎಂದು ಈ ಮಾಹಿತಿ ಕೊಡುತ್ತಿದ್ದೇನೆ.

ಪಾಸ್‌ಪೋರ್ಟ್ ಏಕೆ ಬೇಡ?

ಭಾರತ ಮತ್ತು ನೇಪಾಳ 1950ರ ಜುಲೈ 31ರಂದು ಶಾಂತಿ ಮತ್ತು ಸ್ನೇಹ ಒಪ್ಪಂದ ಮಾಡಿಕೊಂಡವು. ಒಂದು ದೇಶದ ಪ್ರಜೆಗಳು ಇನ್ನೊಂದು ದೇಶದಲ್ಲಿ ಓಡಾಡಲು, ವಾಸಿಸಲು, ವ್ಯಾಪಾರ ಮಾಡಲು ಅದರಲ್ಲಿ ಅವಕಾಶವಿದೆ. ಸುಮಾರು 1,750 ಕಿ.ಮೀ. ಉದ್ದದ ಈ ಗಡಿಯಲ್ಲಿ ಬೇಲಿ ಇಲ್ಲ. ಗಡಿಯ ಊರುಗಳವರು ಸಂತೆಗೆ, ಮದುವೆಗೆ ಆಚೆ ಈಚೆ ಹೋಗಿ ಬರುತ್ತಾರೆ. ನಮ್ಮ ರಾಜ್ಯಕ್ಕೂ ನೇಪಾಳದ ನಂಟಿದೆ. ಪಶುಪತಿನಾಥ ದೇವಸ್ಥಾನದಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದವರೇ.

ಯಾವ ದಾಖಲೆ ಬೇಕು?

1. 15ರಿಂದ 65 ವರ್ಷದವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ. ಇವರಿಗೆ ಆಧಾರ್ ಮಾತ್ರ ಸಾಲದು.
2. 65 ದಾಟಿದವರಿಗೂ 15ರ ಒಳಗಿನ ಮಕ್ಕಳಿಗೂ ವಯಸ್ಸು ತೋರಿಸುವ, ಫೋಟೋ ಇರುವ ದಾಖಲೆ ಆಗುತ್ತದೆ. ಇವರಿಗೆ ಆಧಾರ್ ನಡೆಯುತ್ತದೆ.
3. ವೋಟರ್ ಐಡಿ ಇಲ್ಲದ 15ರಿಂದ 18ರ ಮಕ್ಕಳಿಗೆ ಶಾಲೆಯ ಮುಖ್ಯೋಪಾಧ್ಯಾಯರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ.

ಖರ್ಚಿಗೆ ನೂರರ ನೋಟು ಇಟ್ಟುಕೊಳ್ಳಿ. 2018ರಲ್ಲಿ ನೇಪಾಳ ನಮ್ಮ ದೊಡ್ಡ ನೋಟುಗಳನ್ನು ನಿಷೇಧಿಸಿತ್ತು. ಈ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ಬ್ಯಾಂಕಿನಲ್ಲಿ ಕೇಳಿ.

ಭೂತಾನಿಗೂ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು. ಆದರೆ ಅಲ್ಲಿ ಪ್ರವೇಶ ಪರವಾನಗಿ ಬೇಕು, ತಂಗುವ ಪ್ರವಾಸಿಗರು ತಲೆಗೆ ರಾತ್ರಿಗೆ 1,200 ರೂ. ಶುಲ್ಕ ಕಟ್ಟಬೇಕು. ಬಾಂಗ್ಲಾದೇಶ, ಪಾಕಿಸ್ತಾನಗಳೂ ನಮ್ಮ ನೆರೆಯವೇ, ಅಲ್ಲಿಗೆ ಮಾತ್ರ ಪಾಸ್‌ಪೋರ್ಟ್, ವೀಸಾ ಎರಡೂ ಬೇಕು.

ತೆರೆದ ಗಡಿಯ ಇನ್ನೊಂದು ಮುಖ

ಬಾಗಿಲು ತೆರೆದಿದ್ದರೆ ನೆಂಟರೂ ಬರುತ್ತಾರೆ, ಕಳ್ಳರೂ ಬರುತ್ತಾರೆ. ನೇಪಾಳದ ಎಷ್ಟೋ ಬಡ ಹೆಣ್ಣುಮಕ್ಕಳನ್ನು ಕೆಲಸದ ಆಸೆ ತೋರಿಸಿ ಇದೇ ಗಡಿ ದಾಟಿಸಿ ಮಾರಿದ್ದಾರೆ. ಅನುರಾಧಾ ಕೊಯಿರಾಲಾ ಅವರು 1993ರಲ್ಲಿ ಕಟ್ಟಿದ ಮೈತಿ ನೇಪಾಳ ಸಂಸ್ಥೆಯ ಕಾರ್ಯಕರ್ತೆಯರು ಗಡಿಯಲ್ಲಿ ನಿಂತು ಅಂತಹ ಹುಡುಗಿಯರನ್ನು ಮಾತನಾಡಿಸಿ ತಡೆಯುತ್ತಾರೆ. “ಮೈತಿ” ಎಂದರೆ ಹೆಣ್ಣಿನ ತವರುಮನೆ.

ನಮಗೂ ಇದರಲ್ಲಿ ಪಾಠವಿದೆ. “ಮೊದಲು ನೇಪಾಳಕ್ಕೆ ಬನ್ನಿ, ಅಲ್ಲಿಂದ ಕುವೈತಿಗೆ ಕಳಿಸ್ತೇವೆ” ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವೋಟರ್ ಐಡಿ ನೇಪಾಳದವರೆಗೆ ಮಾತ್ರ. ಅಲ್ಲಿಂದ ಮುಂದಕ್ಕೆ ಪಾಸ್‌ಪೋರ್ಟ್, ವೀಸಾ ಬೇಕು. ಹತ್ತನೇ ತರಗತಿ ಪಾಸಾಗದವರು ಕುವೈತ್, ಸೌದಿಯಂತಹ ದೇಶಗಳಿಗೆ ಕೆಲಸಕ್ಕೆ ಹೋಗಲು ಸಾಮಾನ್ಯವಾಗಿ ನಮ್ಮ ಸರ್ಕಾರದ ವಲಸೆ ಅನುಮತಿಯೂ ಬೇಕು. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ 30 ವರ್ಷ ಆಗಿರಬೇಕೆಂಬ ನಿಯಮ ಇರುವುದು ನಮ್ಮ ರಕ್ಷಣೆಗಾಗಿ. ಕಳ್ಳದಾರಿಯಲ್ಲಿ ಹೋದವಳ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಕಷ್ಟ ಬಂದಾಗ ಅವಳನ್ನು ಹುಡುಕುವುದು ಎಲ್ಲಿ?

ಸಂಘದಲ್ಲಿ ಏನು ಮಾಡಬಹುದು?

ಮುಂದಿನ ಸಭೆಗೆ ಎಲ್ಲರೂ ವೋಟರ್ ಐಡಿ ತನ್ನಿ. ಹೆಸರು, ವಯಸ್ಸು, ಫೋಟೋ ಸರಿ ಇದೆಯೇ ನೋಡಿ. ಮದುವೆಯಾಗಿ ಬಂದ ಎಷ್ಟೋ ಸೊಸೆಯಂದಿರ ಹೆಸರು ಇನ್ನೂ ತವರೂರಿನ ಪಟ್ಟಿಯಲ್ಲೇ ಇರುತ್ತದೆ. ವಿಳಾಸ ಬದಲಾವಣೆ, ತಿದ್ದುಪಡಿ, ಕಳೆದುಹೋದ ಚೀಟಿ, ಎಲ್ಲದಕ್ಕೂ ನಮೂನೆ 8 ತುಂಬಿ ಮತಗಟ್ಟೆ ಅಧಿಕಾರಿಗೆ ಕೊಡಿ. ಮೂಲ ಚೀಟಿಯನ್ನು ಸಾಲ ಕೊಡುವವರ ಕೈಗಾಗಲೀ ಏಜೆಂಟರ ಕೈಗಾಗಲೀ ಒಪ್ಪಿಸಬೇಡಿ, ಜೆರಾಕ್ಸ್ ಕೊಡಿ. ಯಾರಾದರೂ ದೂರದ ಕೆಲಸಕ್ಕೆ ಹೊರಟರೆ ಕರೆದೊಯ್ಯುವವರ ಹೆಸರು, ಊರು, ಫೋನ್ ನಂಬರನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ.

ನೋಡಬೇಕಾದ ಊರು ನೋಡಿ, ದುಡಿಯಲು ಹೋಗಬೇಕಾದರೆ ಹೋಗಿ. ಆದರೆ ನಿಮ್ಮ ಚೀಟಿ ನಿಮ್ಮ ಕೈಯಲ್ಲೇ ಇರಲಿ, ಹೋದ ವಿಷಯ ನಿಮ್ಮ ಸಂಘಕ್ಕೆ ಗೊತ್ತಿರಲಿ. ದೇವರು ನಿಮ್ಮ ಪ್ರಯಾಣವನ್ನು ಆಶೀರ್ವದಿಸಲಿ.